ಟೈಮಿಂಗ್ ಬೆಲ್ಟ್ ತುಂಡಾದಾಗ: ದುರಸ್ತಿ ಮತ್ತು ಲೆಕ್ಕ

ಮೂಡಿಗೆರೆ, ಕಳಸ, ಚಾರ್ಮಾಡಿ ಘಟ್ಟದ ಹಾದಿಯಲ್ಲಿ ವ್ಯವಹಾರಕ್ಕಾಗಿ ಕಾರು ಬಳಸುವ ವರ್ತಕರು ಟೈಮಿಂಗ್ ಬೆಲ್ಟಿನ ಬಗ್ಗೆ ಅರಿತಿರುವುದು ಒಳಿತು. ಕ್ರ್ಯಾಂಕ್ ಶಾಫ್ಟ್ ಹಾಗೂ ಕ್ಯಾಮ್ ಶಾಫ್ಟ್‌ಗಳ ಚಲನೆಯನ್ನು ಹೊಂದಿಸುವ ಹಲ್ಲುಳ್ಳ ರಬ್ಬರ್ ಪಟ್ಟಿಯಿದು. ಕೆಲವು ಎಂಜಿನ್‌ಗಳಲ್ಲಿ ಇದರ ಬದಲು ಚೈನ್ ಇರುತ್ತದೆ.

ಬೆಲ್ಟ್ ತುಂಡಾದರೆ ಎಂಜಿನ್ ಥಟ್ಟನೆ ನಿಲ್ಲುತ್ತದೆ. ಸ್ಟಾರ್ಟರ್ ಎಂದಿಗಿಂತ ಹಗುರವಾಗಿ ತಿರುಗುತ್ತದೆ. ಆಗ ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದಾಗಲಿ, ತಳ್ಳಿ ಚಾಲೂ ಮಾಡುವುದಾಗಲಿ ಸಲ್ಲದು. ಅನೇಕ ಎಂಜಿನ್‌ಗಳಲ್ಲಿ ತೆರೆದ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಹಾನಿ ಹೆಚ್ಚುತ್ತದೆ.

ಗ್ಯಾರೇಜಿನಲ್ಲಿ ಮೊದಲು ಕಾರಣವನ್ನು ಪತ್ತೆಹಚ್ಚಬೇಕು. ಆಯಿಲ್ ಸೋರಿಕೆ ಅಥವಾ ಬಿಗಿದುಕೊಂಡ ವಾಟರ್ ಪಂಪ್, ಟೆನ್ಷನರ್‌ಗಳನ್ನು ಸರಿಪಡಿಸದಿದ್ದರೆ ಹೊಸ ಬೆಲ್ಟೂ ಬಾಳದು. ಬಳಿಕ ಪ್ರತಿ ಸಿಲಿಂಡರಿನ ವಾಲ್ವ್‌ಗಳು ಮುಚ್ಚಿದ ಸ್ಥಿತಿಯಲ್ಲಿ ಗಾಳಿಯ ಒತ್ತಡ ಕೊಟ್ಟು ಸೋರಿಕೆ ನೋಡಬೇಕು. ವಾಲ್ವ್ ಬಾಗಿದ್ದರೆ ಸಿಲಿಂಡರ್ ಹೆಡ್ ಬಿಚ್ಚಿ ವಾಲ್ವ್, ಗೈಡ್, ಪಿಸ್ಟನ್‌ಗಳನ್ನು ಪರೀಕ್ಷಿಸಿ, ಹೊಸ ಗ್ಯಾಸ್ಕೆಟ್ ಹಾಕುವುದು ಅನಿವಾರ್ಯ. ಜೋಡಣೆಯ ನಂತರ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಸುತ್ತು ತಿರುಗಿಸಿ, ಗುರುತುಗಳು ಕೂಡಿದರೆ ಮಾತ್ರ ಸ್ಟಾರ್ಟ್ ಮಾಡತಕ್ಕದ್ದು.

ಸಾಮಾನ್ಯ ಮೋಟಾರು ವಿಮೆಯು ಸವೆತವನ್ನಾಗಲಿ ಯಾಂತ್ರಿಕ ವೈಫಲ್ಯವನ್ನಾಗಲಿ ಭರಿಸುವುದಿಲ್ಲ. ವ್ಯಾಪಾರಕ್ಕೆ ಬಳಸಿದ ಮಟ್ಟಿಗೆ ದುರಸ್ತಿಯನ್ನು ಖರ್ಚು ಹಾಕಬಹುದು. ಆದರೆ ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ಸಾಮಾನ್ಯವಾಗಿ ದೊರೆಯದು. ಸರಕು ವಾಹನಕ್ಕೆ ಈ ನಿರ್ಬಂಧವಿಲ್ಲ.

ತಯಾರಕರು ಬೆಲ್ಟಿಗೆ ಕಿಲೋಮೀಟರ್ ಮತ್ತು ವರ್ಷಗಳ ಮಿತಿಯನ್ನು ಸೂಚಿಸಿದ್ದಲ್ಲಿ ಯಾವುದು ಮೊದಲೋ ಅದೇ ಗಡುವು. ತೋಟದ ಕಾರು ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬೆಲ್ಟ್ ಬದಲಿಸಿದ ದಿನಾಂಕವನ್ನು ವಿಮೆಯ ನವೀಕರಣದಂತೆಯೇ ಪುಸ್ತಕದಲ್ಲಿ ಬರೆದಿಡುವುದು ಲಾಭಕರ.