ಕಾರ್ಖಾನೆಯೂ ಗುಳೆ ಹೋಗುತ್ತದೆ

ಮಳೆ ಕೈಕೊಟ್ಟರೆ ನಮ್ಮ ಆಸ್ಪರಿ ಕಡೆಯ ಜನ ಕೂಲಿ ಹುಡುಕಿ ಗುಳೆ ಹೋಗುವುದು ನಿಮಗೆ ಗೊತ್ತು. ಕೂಲಿಕಾರರನ್ನು ಹುಡುಕಿ ಕಾರ್ಖಾನೆಯೇ ಗುಳೆ ಹೋಗುವುದೂ ಉಂಟು.

ಅಮೆರಿಕದ ಸಿಯಾಟಲ್ ಭಾಗದಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯ ಕಾರ್ಮಿಕರು 2008ರಲ್ಲಿ ಸುಮಾರು ಎರಡು ತಿಂಗಳು ಮುಷ್ಕರ ಹೂಡಿದರು. ಮರುವರ್ಷವೇ ಕಂಪನಿಯು 787 ವಿಮಾನದ ಎರಡನೆಯ ಜೋಡಣಾ ಘಟಕವನ್ನು ದಕ್ಷಿಣ ಕೆರೊಲಿನಾಕ್ಕೆ ಕೊಟ್ಟಿತು. ಅಲ್ಲಿ ಸಂಘಗಳ ಬಲ ತೀರ ಕಡಿಮೆ. ಮೇಲಿಂದ ಮೇಲೆ ಆಗುವ ಮುಷ್ಕರವೂ ಒಂದು ಕಾರಣವೆಂದು ಅಧಿಕಾರಿಗಳೇ ಹೇಳಿದರು. 2017ರಲ್ಲಿ ಅಲ್ಲಿಯ ಕಾರ್ಮಿಕರು ಸಂಘ ಬೇಡವೆಂದು ಮತ ಹಾಕಿದರು. 2021ರಲ್ಲಿ ಆ ವಿಮಾನದ ಜೋಡಣೆಯೆಲ್ಲ ಅಲ್ಲಿಗೇ ಹೋಯಿತು.

ಹೊಸ ಊರಿನವರಿಗೆ ಕೆಲಸ ಸಿಕ್ಕಿತು, ಸಂತೋಷ. ಆದರೆ ಬ್ಯಾಂಕ್ ಗುಮಾಸ್ತನಾಗಿದ್ದ ನನ್ನ ಇಂದಿನ ಪಿಂಚಣಿ 1993ರಲ್ಲಿ ಸಂಘಗಳು ಮಾಡಿಕೊಂಡ ಒಪ್ಪಂದದ ಫಲ. ನಾಳೆ ನಮ್ಮೂರಿಗೆ ಕಾರ್ಖಾನೆ ಬಂದರೆ ಬರಮಾಡಿಕೊಳ್ಳೋಣ; ಹಿಂದಿನ ಊರು ಯಾಕೆ ಬಿಟ್ಟಿತೆಂದೂ ಕೇಳೋಣ.