ಕಾಣದ ಕಲೆಗೆ ಬಣ್ಣ ಬರಿಸುವ ಯಂತ್ರ

ಶೋಧಕ ಕಾಗದದ ಮೇಲೆ ಕಪ್ಪು ಶಾಯಿಯ ತೊಟ್ಟನ್ನಿಟ್ಟು, ಕೆಳ ಅಂಚನ್ನು ನೀರಿಗೆ ತಾಗಿಸಿದರೆ, ಮೇಲೇರುವ ನೀರು ಶಾಯಿಯ ಬಣ್ಣಗಳನ್ನು ಬೇರ್ಪಡಿಸುವುದನ್ನು ನಾವು ನೋಡಬಹುದು. ಇದೇ ಕಾಗದ ಕ್ರೊಮ್ಯಾಟೊಗ್ರಫಿ. 1944ರಲ್ಲಿ ಇಂಗ್ಲೆಂಡಿನ ಕಾನ್ಸ್‌ಡನ್, ಗಾರ್ಡನ್ ಮತ್ತು ಮಾರ್ಟಿನ್ ಈ ವಿಧಾನದಿಂದ ಪ್ರೋಟೀನಿನ ಅಮೈನೊ ಆಮ್ಲಗಳನ್ನು ಬೇರ್ಪಡಿಸಿದರು. ಆದರೆ ಅವುಗಳಿಗೆ ಬಣ್ಣವಿಲ್ಲ. ಬೇರ್ಪಟ್ಟರೂ ಕಣ್ಣಿಗೆ ಕಾಣವು.

ಅವನ್ನು ಕಾಣಿಸುವ ರಾಸಾಯನಿಕವೇ ನಿನ್‌ಹೈಡ್ರಿನ್. ಅದರ ದ್ರಾವಣವನ್ನು ಒಣಗಿದ ಕಾಗದದ ಮೇಲೆ ಸಿಂಪಡಿಸಿ ಕಾಯಿಸಿದರೆ ನೇರಳೆ ಕಲೆಗಳು ಮೂಡುತ್ತವೆ. ಪ್ರೋಲೀನಿನದು ಮಾತ್ರ ಹಳದಿ. ಕಾಗದವನ್ನು ಬರಿಗೈಯಿಂದ ಮುಟ್ಟಿದ್ದರೆ ನಮ್ಮ ಬೆವರಿನ ಅಮೈನೊ ಆಮ್ಲಗಳೂ ಬಣ್ಣ ತಾಳಿ, ಬೆರಳಚ್ಚೇ ಎದ್ದು ಕಾಣುವುದು! ಯಾವ ಆಮ್ಲವಿದೆಯೆಂದು ಅರಿಯಲು ಈ ಕೈಕೆಲಸ ಸಾಕು. ಆದರೆ ಪ್ರೋಟೀನಿನ ರಚನೆಯನ್ನು ತಿಳಿಯಲು ಪ್ರತಿಯೊಂದೂ ಎಷ್ಟಿದೆಯೆಂಬ ಲೆಕ್ಕ ಬೇಕು. ದ್ರಾವಣ ಒಂದೆಡೆ ಹೆಚ್ಚು ಬಿದ್ದರೆ, ಕಾವು ಏರುಪೇರಾದರೆ, ಬಣ್ಣದ ಗಾಢತೆ ಬದಲಾಗಿ ಲೆಕ್ಕ ತಪ್ಪುತ್ತದೆ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದವರು ಅಮೆರಿಕದ ಸ್ಪ್ಯಾಕ್‌ಮನ್, ಸ್ಟೈನ್ ಮತ್ತು ಮೂರ್. 1958ರಲ್ಲಿ ಅವರು ವರ್ಣಿಸಿದ ಯಂತ್ರದಲ್ಲಿ ಕಾಗದದ ಬದಲಿಗೆ ರಾಳ ತುಂಬಿದ ಕೊಳವೆಯಿತ್ತು. ಅದರಿಂದಿಳಿಯುವ ದ್ರವಕ್ಕೆ ಪಂಪು ನಿನ್‌ಹೈಡ್ರಿನನ್ನು ಒಂದೇ ಪ್ರಮಾಣದಲ್ಲಿ ಬೆರೆಸುತ್ತಿತ್ತು. ಕುದಿನೀರಿನ ತೊಟ್ಟಿ ಅದನ್ನು ಒಂದೇ ಹದದಲ್ಲಿ ಕಾಯಿಸುತ್ತಿತ್ತು. ದ್ಯುತಿಮಾಪಕ ಬಣ್ಣವನ್ನು ಅಳೆದಂತೆಲ್ಲ ಲೇಖನಿ ರೇಖೆ ಎಳೆಯುತ್ತಿತ್ತು. ಬಣ್ಣ ಬರಿಸುವ ರಾಸಾಯನಿಕ ಹಳೆಯದೇ. ಅಳತೆ ತಪ್ಪದ ಕೈ ಮಾತ್ರ ಹೊಸದು.