ಕಣ್ಣಿಗೆ ಕಾಣದ ದೂಳು, ದುಬಾರಿ ಪಂಪು

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಸೀಮೆಯೆಂದರೆ ತೆಂಗು, ಅಡಿಕೆ ತೋಟಗಳ ಸೀಮೆ. ಅಡಿಕೆ ಸಾಲುಗಳ ನಡುವೆ ಜೆಸಿಬಿ ತಿರುಗಲು ಜಾಗ ಸಾಲದು. ಕೊಟ್ಟಿಗೆ ಗೊಬ್ಬರ ತುಂಬಲು, ಮಟ್ಟೆ ರಾಶಿ ಎತ್ತಲು, ಇಕ್ಕಟ್ಟಿನಲ್ಲಿ ಮಣ್ಣು ತಳ್ಳಲು ಒದಗುವುದು ಸ್ಕಿಡ್ ಸ್ಟಿಯರ್ ಲೋಡರ್. ಕಂಪನಿ ಯಾವುದೇ ಇರಲಿ, ಅನೇಕರ ಬಾಯಲ್ಲಿ ಅದು ‘ಬಾಬ್‌ಕ್ಯಾಟ್’.

ಅದು ಹುಟ್ಟಿದ್ದೂ ಗೊಬ್ಬರ ಬಾಚುವುದಕ್ಕೇ. ಅಮೆರಿಕದ ಮಿನೆಸೋಟದಲ್ಲಿ ಟರ್ಕಿ ಕೋಳಿ ಸಾಕುತ್ತಿದ್ದ ರೈತನೊಬ್ಬನಿಗಾಗಿ 1957ರಲ್ಲಿ ಕೆಲ್ಲರ್ ಸಹೋದರರು ಇದರ ಮೂಲರೂಪ ಕಟ್ಟಿಕೊಟ್ಟರು. ಬಾಬ್‌ಕ್ಯಾಟ್ ಎಂಬ ಹೆಸರು ಬಂದದ್ದು 1962ರಲ್ಲಿ. ಆಗ ಚಕ್ರ ಓಡಿಸುತ್ತಿದ್ದುದು ಬೆಲ್ಟು, ಕ್ಲಚ್ಚು. ಇಂದು ಆ ಕೆಲಸವೂ ಹೈಡ್ರಾಲಿಕ್ ಎಣ್ಣೆಯದೇ. ಎಂಜಿನ್ ಪಂಪನ್ನು ತಿರುಗಿಸಿದರೆ, ಪಂಪು ಒತ್ತಿದ ಎಣ್ಣೆ ಎಡಬಲದ ಚಕ್ರಗಳನ್ನು ಬೇರೆಬೇರೆಯಾಗಿ ಓಡಿಸುತ್ತದೆ, ಬಕೆಟ್ ಎತ್ತುತ್ತದೆ. ಹಾಗಾಗಿ ಎಣ್ಣೆ ಕೆಟ್ಟರೆ ಗಾಡಿ ಬಕೆಟ್ ಎತ್ತುವುದಿರಲಿ, ನಿಂತ ಜಾಗ ಬಿಟ್ಟು ಕದಲುವುದೂ ಕಷ್ಟ.

ಎಣ್ಣೆ ಕೆಡಿಸುವ ಮೊದಲ ಶತ್ರು ದೂಳು. ಬರಿಗಣ್ಣಿಗೆ 40 ಮೈಕ್ರಾನ್‌ಗಿಂತ ಸಣ್ಣ ಕಣ ಕಾಣುವುದಿಲ್ಲ. ಪಂಪು, ವಾಲ್ವುಗಳನ್ನು ಸವೆಸುವುದು ಅದಕ್ಕಿಂತ ಎಷ್ಟೋ ಸಣ್ಣ ಕಣಗಳು. ಅವು ಒಳಸೇರುವ ದಾರಿಗಳಲ್ಲಿ ಮುಖ್ಯವಾದದ್ದು ಹೋಸ್ ಜೋಡಿಸುವ ಕಪ್ಲಿಂಗ್. ಬಕೆಟ್ ಬಿಚ್ಚಿ ಗುಂಡಿ ತೋಡುವ ಆಗರ್ ಜೋಡಿಸುವಾಗ, ನೆಲದ ಮೇಲೆ ಬಿದ್ದಿದ್ದ ಹೋಸ್ ಪೈಪಿನ ತುದಿಗೆ ಕೆಮ್ಮಣ್ಣು ಮೆತ್ತಿರುತ್ತದೆ. ಒರೆಸದೆ ಚುಚ್ಚಿದರೆ ಆ ಮಣ್ಣು ನೇರ ಎಣ್ಣೆಗೆ. ನೂಲು ಬಿಡುವ ಬನಿಯನ್ ವೇಸ್ಟ್ ಇದಕ್ಕೆ ಬೇಡ. ಎಳೆ ಬಿಡದ ಒಣ ಬಟ್ಟೆ ಬೇಕು. ಕೆಲಸ ಮುಗಿದ ಮೇಲೆ ಕಪ್ಲಿಂಗ್‌ಗೆ ಮುಚ್ಚಳ ಹಾಕಬೇಕು.

ಎಣ್ಣೆಯ ಮಟ್ಟ ನೋಡುವುದು ಸಮತಟ್ಟು ನೆಲದಲ್ಲಿ, ಬಕೆಟ್ ಕೆಳಗಿಳಿಸಿ, ಎಂಜಿನ್ ನಿಲ್ಲಿಸಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೊರೆ ಎದ್ದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಸುಟ್ಟ ವಾಸನೆ ಬಂದರೆ ವಿಪರೀತ ಕಾದಿದೆ. ಕೂಲರ್ ಜಾಲರಿಯಲ್ಲಿ ತೆಂಗಿನ ನಾರು, ದೂಳು ಕಟ್ಟಿಕೊಂಡಿದೆಯೇ ನೋಡಬೇಕು. ಫಿಲ್ಟರನ್ನು ಕಂಪನಿಯ ಕೈಪಿಡಿ ಹೇಳಿದ ಗಂಟೆಗೆ ಬದಲಿಸಬೇಕು, ಹೊಸ ಗಾಡಿಗೆ ಮೊದಲ ಬದಲಾವಣೆ ಇನ್ನೂ ಬೇಗ. ಬಸಿದ ಎಣ್ಣೆಯನ್ನು ತೋಟದ ಬದುವಿಗೋ ಕೆರೆ ಅಂಗಳಕ್ಕೋ ಸುರಿಯುವಂತಿಲ್ಲ. ಕಾನೂನಿನ ಪ್ರಕಾರ ಅದು ಪರವಾನಗಿ ಪಡೆದ ಮರುಬಳಕೆದಾರರಿಗೆ ಸೇರಬೇಕು.

ಸೋರಿಕೆ ಹುಡುಕುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಕಾರಿನ ಟೈರಿನಲ್ಲಿರುವ ಒತ್ತಡ ಸುಮಾರು 2 ಬಾರ್. ಈ ಹೋಸ್‌ಗಳಲ್ಲಿ ಅದು 200 ಬಾರ್ ದಾಟಬಹುದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗಿಳಿಯುತ್ತದೆ. ಕೈಗವಸು ಅದನ್ನು ತಡೆಯದು. ಆದ್ದರಿಂದ ಕೈಯಿಂದ ಸವರದೆ, ರಟ್ಟಿನ ತುಂಡು ಹಿಡಿದು ನೋಡುವುದು ಕ್ರಮ. ಎತ್ತಿದ ಲೋಡರ್ ತೋಳಿಗೆ ಲಾಕ್ ಹಾಕದೆ ಅದರ ಅಡಿಗೆ ಹೋಗಲೇಬಾರದು.

ಎಣ್ಣೆ ಚುಚ್ಚಿದ ಗಾಯ ಮೊದಲಿಗೆ ಮುಳ್ಳು ತಾಗಿದಷ್ಟೇ ಕಾಣುತ್ತದೆ, ನೋವೂ ಕಡಿಮೆ. ಒಳಗೆ ಮಾಂಸ ಕೊಳೆಯತೊಡಗಿರುತ್ತದೆ. ತಡವಾದಷ್ಟೂ ಬೆರಳು ಉಳಿಯುವುದು ಕಷ್ಟ. ಅರಿಸಿನ ಮೆತ್ತಿ ಮನೆಯಲ್ಲಿ ಕೂರದೆ, ತಕ್ಷಣ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಒತ್ತಡದ ಹೈಡ್ರಾಲಿಕ್ ಎಣ್ಣೆ ಒಳಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು.